ಯಶೋಧರಚರಿತೆಯಲ್ಲಿ ಹಬ್ಬದ ಕೊಲೆ ಮತ್ತು ಒಗಟು

ಹಬ್ಬದ ಬಿಡುವಿನಲ್ಲಿ ಓದುವುದಕ್ಕೆಂದು ಕೊಲೆಯ ಕಥೆಯೊಂದನ್ನು ಹೆಣೆದು, ಕೊಂದವರಾರೆಂಬುದನ್ನು ವಾಚಕನೇ ಊಹಿಸುವಂತೆ ಸುಳಿವುಗಳನ್ನು ಚೆಲ್ಲಿಡುವ ಪದ್ಧತಿಯು ಆಂಗ್ಲ ಸಾಹಿತ್ಯದಲ್ಲಿ ಪ್ರಸಿದ್ಧವಾದುದು. ಕ್ರಿಸ್ಮಸ್ ಹಬ್ಬದ ಮನೆಯಲ್ಲಿ ನಡೆಯುವ ಕೊಲೆಯನ್ನು ಕುರಿತ ಅಗಾಥಾ ಕ್ರಿಸ್ಟಿಯ ಕಾದಂಬರಿ 1938ರಲ್ಲಿ ಹೊರಬಂದಿತು. ಅದಕ್ಕೂ ಮೊದಲೇ, 1929ರಲ್ಲಿ, ಎಲರಿ ಕ್ವೀನ್ ಎಂಬ ಹೆಸರಿನ ಅಮೆರಿಕದ ಗ್ರಂಥಕರ್ತರು ಕಥೆಯನ್ನು ನಡುವೆ ನಿಲ್ಲಿಸಿ ವಾಚಕನಿಗೆ ಸವಾಲು ಹಾಕಿದ್ದರು. ಅದೇ ವರ್ಷ ರೊನಾಲ್ಡ್ ನಾಕ್ಸನು ಇಂಥ ಕಥೆಗಳಿಗೆ ಹತ್ತು ನಿಯಮಗಳನ್ನು ವಿಧಿಸಿದನು. ಈ ಬಗೆಯ ರಚನೆ ಕನ್ನಡಕ್ಕೆ ಹೊರಗಿನಿಂದ ಬಂದುದೆಂಬ ಅಭಿಪ್ರಾಯವು ರೂಪದ ಮಟ್ಟಿಗೆ ಸರಿಯಾದುದೇ. ಆದರೆ ಹಬ್ಬ, ಕೊಲೆ, ಒಗಟು ಈ ಮೂರೂ ಒಂದೆಡೆ ಸೇರಿರುವ ಕಾವ್ಯವೊಂದು ಕ್ರಿ. ಶ. 1209ರಷ್ಟು ಹಿಂದೆಯೇ ಕನ್ನಡದಲ್ಲಿ ಹುಟ್ಟಿದ್ದಿತು. ಅದು ಜನ್ನನ ಯಶೋಧರಚರಿತೆ.

ಜನ್ನನು ಹೊಯ್ಸಳ ಇಮ್ಮಡಿ ವೀರಬಲ್ಲಾಳನ (1173–1220) ಆಸ್ಥಾನದವನು. ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದವನು. ತರೀಕೆರೆಯ ಬಳಿಯ ಅಮೃತಾಪುರದ ಶಾಸನವು ಅವನ ರಚನೆ. ಅಂದಿನ ರಾಜಧಾನಿ ದೋರಸಮುದ್ರವೇ ಇಂದಿನ ಹಳೇಬೀಡು. 1133ರಲ್ಲಿ ಗಂಗರಾಜನ ಮಗನಾದ ಬೊಪ್ಪನು ಕಟ್ಟಿಸಿದ ಪಾರ್ಶ್ವನಾಥ ಬಸದಿಯು ಅಲ್ಲಿಯ ಬಸ್ತಿಹಳ್ಳಿಯಲ್ಲಿದೆ. ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿ ಕುವರಲಕ್ಷ್ಮನ ಸ್ತಂಭವೂ ಉಂಟು. ಒಡೆಯನ ಮರಣಾನಂತರ ಅವನೂ ಅವನ ಪರಿವಾರವೂ ಪ್ರಾಣಾರ್ಪಣೆ ಮಾಡಿದುದಕ್ಕೆ ಅದು ಸಾಕ್ಷಿ. ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವ ವೀರರನ್ನು ಅದರಲ್ಲಿ ಬಿಡಿಸಲಾಗಿದೆ. ಸ್ತಂಭವು ಕಾವ್ಯಕ್ಕಿಂತ ಈಚಿನದು. ಆದರೂ ದಯೆಯ ಬಸದಿ, ತಲೆಯೊಪ್ಪಿಸುವ ನಿಷ್ಠೆ ಎರಡನ್ನೂ ಬಲ್ಲ ಊರಿನಲ್ಲಿ ಬಲಿಯ ಕಥೆಯನ್ನು ಕೇಳಿದವರಿಗೆ ಅದು ಬಹಳ ದೂರದ ಮಾತೆನಿಸಿರಲಾರದು.

ಕಥೆ ತೆರೆಯುವುದು ಹಬ್ಬದಲ್ಲಿ. ರಾಜಪುರದ ಚಂಡಮಾರಿಯ ಜಾತ್ರೆಯಲ್ಲಿ ಮಾರಿದತ್ತರಾಜನು ಮನುಷ್ಯರ ಜೋಡಿಯೊಂದನ್ನು ಸ್ವಹಸ್ತದಿಂದ ಬಲಿಗೊಡಬೇಕಾಗಿದೆ. ತಳಾರನು ಹಿಡಿದು ತಂದವರು ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರು, ಸುದತ್ತಮುನಿಯ ಶಿಷ್ಯರು. ಕತ್ತಿಯ ಮುಂದೆ ನಿಂತರೂ ಅವರಲ್ಲಿ ಅಳುಕಿಲ್ಲ. ಇವರಾರು, ಅಂಜದಿರುವುದೇಕೆ ಎಂದು ದೊರೆಗೆ ಹುಟ್ಟುವ ಬೆರಗೇ ಕಾವ್ಯದ ಒಗಟು. ಉತ್ತರವಾಗಿ ಅಭಯರುಚಿಯು ಉಜ್ಜಯಿನಿಯ ಕೊಲೆಯ ಕಥೆಯನ್ನು ಹೇಳತೊಡಗುತ್ತಾನೆ.

ಆ ಕಥೆಯಲ್ಲಿ ಕೊಂದವರಾರೆಂಬುದು ಮರೆಯೇ ಅಲ್ಲ. ಯಶೋಧರನ ರಾಣಿ ಅಮೃತಮತಿಯು ವಿಕಾರರೂಪಿಯಾದ ಮಾವಟಿಗನ ಹಾಡಿಗೆ ಮನಸೋಲುತ್ತಾಳೆ. ದೊರೆ ಅದನ್ನು ಕಣ್ಣಾರೆ ಕಂಡು, ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ತಾಯಿ ಚಂದ್ರಮತಿಗೆ ಕನಸೆಂದು ಮರೆಸಿ ಹೇಳಲು, ಅವಳು ಶಾಂತಿಗಾಗಿ ಬಲಿಯನ್ನು ಬೇಡುತ್ತಾಳೆ. ಜೀವವಧೆಗೆ ಒಪ್ಪದ ಮಗ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಬೆಂತರವೊಂದು ಹೊಕ್ಕಿದ್ದ ಆ ಹಿಟ್ಟಿನ ಕೋಳಿ ಕಡಿದೊಡನೆ ಕೂಗುತ್ತದೆ. ಮುಂದೆ ರಾಣಿಯು ತಾಯಿಮಕ್ಕಳನ್ನು ಊಟಕ್ಕೆ ಕರೆದು, ವಿಷವಿಟ್ಟ ಲಡ್ಡುಗೆಯನ್ನು ಬಡಿಸಿ ಕೊಲ್ಲುತ್ತಾಳೆ.

ವಿಮರ್ಶಕರು ಅಮೃತಮತಿಯ ಮೋಹವನ್ನು ಕುರಿತು ಬೇಕಾದಷ್ಟು ಬರೆದಿದ್ದಾರೆ. ಬಹುಶಃ ಬೇಕಾದುದಕ್ಕಿಂತಲೂ ಹೆಚ್ಚಾಗಿ. ಕೊಲೆಗಾತಿಯ ಹೆಸರು ತಿಳಿದ ಮೇಲೂ ಕಥೆ ನಿಲ್ಲುವುದಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಸತ್ತವರು ನವಿಲು ನಾಯಿಗಳಾಗಿ, ಮುಳ್ಳುಹಂದಿ ಹಾವುಗಳಾಗಿ, ಮೀನು ಮೊಸಳೆಗಳಾಗಿ, ಆಮೇಲೆ ಆಡು ಕೋಣಗಳಾಗಿ ಹುಟ್ಟಿ, ಒಂದು ಮತ್ತೊಂದನ್ನು ಕೊಂದು, ಪರರಿಂದಲೂ ಕೊಲ್ಲಿಸಿಕೊಳ್ಳುತ್ತಾರೆ. ತಂದೆಯ ಸದ್ಗತಿಗೆಂದು ಮಗ ಯಶೋಮತಿ ಮಾಡಿಸುವ ಶ್ರಾದ್ಧಕ್ಕೆ ತಂದೆಯ ಜೀವವೇ ಮಾಂಸವಾಗಿ ಒದಗುತ್ತದೆ. ಕೊನೆಗೆ ಅವರು ಎರಡು ಕೋಳಿಗಳಾಗಿ ವ್ರತವನ್ನು ಕೈಕೊಂಡು ಸಂತೋಷದಿಂದ ಕೂಗಿದಾಗ, ಆ ಸದ್ದಿಗೆ ಯಶೋಮತಿಯು ಬಾಣವೆಸೆಯುತ್ತಾನೆ.

ಜಾಗರೂಕನಾದ ವಾಚಕನಿಗೆ ಇಲ್ಲಿ ಎರಡು ಸುಳಿವುಗಳು ದೊರೆಯುತ್ತವೆ. ಮೊದಲನೆಯದು ಜೋಡಿ: ವಿಷಕ್ಕೆ ಬಲಿಯಾದವರು ಇಬ್ಬರು, ಜನ್ಮಜನ್ಮದಲ್ಲಿಯೂ ಇಬ್ಬರು, ಮಾರಿಯ ಮುಂದೆ ನಿಂತವರೂ ಇಬ್ಬರು. ಎರಡನೆಯದು ಕೂಗು, ಹಿಟ್ಟಿನ ಕೋಳಿಯದಕ್ಕೆ ನಿಜವಾದ ಕೋಳಿಗಳ ಕೂಗು ಮಾರುತ್ತರವಾಗಿದೆ. ಹೀಗೆ ಸತ್ತ ಕೋಳಿಗಳೇ ಯಶೋಮತಿ ಕುಸುಮಾವಳಿಯರ ಅವಳಿ ಮಕ್ಕಳಾಗಿ ಹುಟ್ಟಿದ ಅಭಯರುಚಿ, ಅಭಯಮತಿಯರು. ಕೊಲೆಯಾದವನೇ ಕೊಲೆಯ ಕಥೆಯನ್ನು ಹೇಳುತ್ತಿದ್ದನೆಂಬುದು ಒಗಟಿನ ಬಿಡುಗಡೆ. ಪೂರ್ವಜನ್ಮಸ್ಮರಣೆಯನ್ನು ನೆಚ್ಚಿದ ಈ ಬಿಡುಗಡೆ, ಅಲೌಕಿಕವನ್ನು ತಳ್ಳಿಹಾಕುವ ನಾಕ್ಸನ ನಿಯಮಕ್ಕೆ ಒಪ್ಪದು. ಜನ್ನನಿಗೆ ಬೇಕಾದುದೂ ಬೇರೆ. ವಿಷವಿಟ್ಟವರಾರೆಂದು ಅವನು ಕೇಳುವುದಿಲ್ಲ, ಮೊದಲ ಕೊಲೆ ಯಾವುದೆಂದು ಕೇಳುತ್ತಾನೆ. ನೆತ್ತರಿಲ್ಲದ ಹಿಟ್ಟನ್ನು ಕೊಲ್ಲುವ ಸಂಕಲ್ಪದಿಂದ ಕಡಿದುದೇ ಆ ಕೊಲೆ. ಸಂಕಲ್ಪಮಾತ್ರಕ್ಕೆ ಇಷ್ಟು ಜನ್ಮಗಳ ಫಲವಾದರೆ ಕೈಯಲ್ಲಿ ಕತ್ತಿ ಹಿಡಿದ ತನ್ನ ಗತಿಯೇನೆಂಬ ಲೆಕ್ಕವನ್ನು ಮಾರಿದತ್ತನೇ ಹಾಕಿಕೊಳ್ಳಬೇಕಾಗುತ್ತದೆ.

ವಾದಿರಾಜನ ಸಂಸ್ಕೃತ ಯಶೋಧರಚರಿತವು ಜನ್ನನಿಗೆ ಆಧಾರ. ಸೋಮದೇವನ ಯಶಸ್ತಿಲಕವು (959) ಅದಕ್ಕಿಂತಲೂ ಹಿಂದಿನದು. ಆದಕಾರಣ ಕಥಾವಸ್ತುವಿನಲ್ಲಿ ಹೊಸತನವನ್ನು ಹುಡುಕಬೇಕಾದುದಿಲ್ಲ. ಹೆಚ್ಚಿನ ಪಾಲು ಕಂದಪದ್ಯಗಳಿಂದಾದ, ಸುಮಾರು 310 ಪದ್ಯಗಳ ಬಿಗಿಯೇ ಅವನ ವಿಶೇಷ. ಸುಳಿವು ಸುಳಿವಿಗೆ ಹತ್ತಿರವಿರುವುದು ಈ ಸಂಕ್ಷೇಪದಿಂದ. ಒಗಟಿನ ಅಭಿರುಚಿಯಾದರೂ ಹೊಸದಲ್ಲ. ದಂಡಿಯು ಕಾವ್ಯಾದರ್ಶದ 3ನೆಯ ಪರಿಚ್ಛೇದದಲ್ಲಿ 16 ಬಗೆಯ ಪ್ರಹೇಳಿಕೆಗಳನ್ನು ಹೇಳಿ, ಗೋಷ್ಠಿಯ ವಿನೋದಕ್ಕೂ, ಜನರ ನಡುವೆ ಬಲ್ಲವರು ಗುಟ್ಟಾಗಿ ಮಾತನಾಡುವುದಕ್ಕೂ, ಪರರನ್ನು ಮರುಳುಗೊಳಿಸುವುದಕ್ಕೂ ಅವು ಉಪಯುಕ್ತವೆಂದಿದ್ದಾನೆ. ಆ ಪ್ರಹೇಳಿಕೆಗಳ ಗಂಟು ಮಾತಿನಲ್ಲಿ. ಜನ್ನನ ಒಗಟಿನ ಗಂಟು ಜನ್ಮಗಳ ನಂಟಿನಲ್ಲಿ. ಇದೇ ಕಥೆಯಿಂದ ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕವೂ ಹುಟ್ಟಿತು.

ಈ ಕಾವ್ಯವನ್ನು ಹಬ್ಬದ ಓದೆನ್ನಲು ಮತ್ತೊಂದು ಕಾರಣವುಂಟು. ಜನ್ನನೇ ಇದನ್ನು ಜೀವದಯಾಷ್ಟಮಿಯ ನೋಂಪಿಗೆ ಸೇರಿಸಿ, ಉಪವಾಸವಿದ್ದವರ ಕಿವಿಗೆ ಇದು ಪಾರಣೆಯೆಂಬ ಭಾವವನ್ನು ಸೂಚಿಸಿದ್ದಾನೆ. ಕಥೆಯೊಳಗಿನ ಹಬ್ಬ ನೆತ್ತರಿನದು, ಕಥೆಯನ್ನು ಕೇಳುವ ಹಬ್ಬ ದಯೆಯದು. ವಿಷದ ಲಡ್ಡುಗೆಯ ಊಟವನ್ನು ವರ್ಣಿಸಿದ ಕವಿಯೇ ತನ್ನ ಕೃತಿಯನ್ನು ಊಟಕ್ಕೆ ಹೋಲಿಸಿರುವುದು ಆಕಸ್ಮಿಕವೆಂದು ತೋರುವುದಿಲ್ಲ.