ಮೊಬೈಲ್‌ಗೆ ಸಿಕ್ಕಿಸುವ ವೈಡ್ ಆಂಗಲ್ ಲೆನ್ಸ್: ಎಲ್ಲಿ ಬೇಕು, ಎಲ್ಲಿ ಬೇಡ?

ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದ ಲೇಪಾಕ್ಷಿಗೆ ಹೋದವರೆಲ್ಲ ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ. ಆದರೆ ವೀರಭದ್ರ ದೇವಾಲಯದ ಮಂಟಪದಲ್ಲಿ ನಿಂತು ತಲೆ ಎತ್ತಿದರೆ, ವಿಜಯನಗರ ಕಾಲದ ಛಾವಣಿ ಚಿತ್ರಗಳು ಪರದೆಯೊಳಗೆ ಹಿಡಿಸುವುದಿಲ್ಲ. ಹಿಂದೆ ಸರಿಯೋಣವೆಂದರೆ ಕಂಬ ಅಡ್ಡ! ಇಂಥ ಕಡೆ ನೆರವಾಗುವುದೇ ಕ್ಲಿಪ್ ವೈಡ್ ಆಂಗಲ್ ಲೆನ್ಸ್.

ಏನಿದು?

ಬಟ್ಟೆ ಒಣಹಾಕುವ ಕ್ಲಿಪ್ಪಿನಂತೆ ಮೊಬೈಲ್ ಕ್ಯಾಮೆರಾದ ಮೇಲೆ ಕೂರುವ ಪುಟ್ಟ ಗಾಜು ಇದು. ಮೇಲೆ 0.6 ಅಥವಾ 0.45 ಎಂದು ಬರೆದಿರುತ್ತದೆ. ಅಂಕಿ ಚಿಕ್ಕದಾದಷ್ಟೂ ನೋಟ ಅಗಲ. ಸಾಮಾನ್ಯ ಮೊಬೈಲ್‌ನ ಮುಖ್ಯ ಕ್ಯಾಮೆರಾ ಮೂಲೆಯಿಂದ ಮೂಲೆಗೆ ಸುಮಾರು 80 ಡಿಗ್ರಿ ನೋಡುತ್ತದೆ. 0.6 ಲೆನ್ಸ್ ಹಾಕಿದರೆ ಅದು ಸುಮಾರು 109 ಡಿಗ್ರಿ ಆಗುತ್ತದೆ.

ಹಾಕುವ ಕ್ರಮ

* ಮೊದಲು ಮೊಬೈಲ್ ಕವರ್ ತೆಗೆಯಿರಿ. ಎರಡೂ ಗಾಜನ್ನು ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿ.
* ಎರಡು-ಮೂರು ಕ್ಯಾಮೆರಾ ಇದ್ದರೆ ಮುಖ್ಯವಾದುದು ಯಾವುದೆಂದು ತಿಳಿಯಬೇಕು. ಕ್ಯಾಮೆರಾ ತೆರೆದು ಒಂದೊಂದನ್ನೇ ಬೆರಳಿನಿಂದ ಮುಚ್ಚಿ. ಪರದೆ ಕತ್ತಲಾದರೆ ಅದೇ!
* ಲೆನ್ಸ್ ಸರಿಯಾಗಿ ನಡುವೆ ಕೂರಬೇಕು. ಮೂಲೆಗಳು ಕಪ್ಪಾಗಿ ಕಂಡರೆ ಲೆನ್ಸನ್ನು ಸ್ವಲ್ಪ ಸರಿಸಿ, ಆಗಲೂ ಹೋಗದಿದ್ದರೆ 1.2ರಷ್ಟು ಜೂಮ್ ಮಾಡಿ.
* ಮೊಬೈಲ್ ನೇರವಾಗಿರಲಿ. ಓರೆಯಾದರೆ ಕಂಬಗಳು ಒಂದಕ್ಕೊಂದು ವಾಲಿದಂತೆ ಕಾಣುತ್ತವೆ.
* ಮನೆಯವರ ಗುಂಪು ಚಿತ್ರದಲ್ಲಿ ಯಾರನ್ನೂ ತೀರಾ ಅಂಚಿಗೆ ನಿಲ್ಲಿಸಬೇಡಿ. ಅಲ್ಲಿ ಮುಖ ಹಿಗ್ಗುತ್ತದೆ, ಮಸುಕಾಗುತ್ತದೆ.

ಎಲ್ಲಿ ಬೇಡ?

ಲೇಪಾಕ್ಷಿಯ ಏಕಶಿಲಾ ನಂದಿ ಸುಮಾರು 27 ಅಡಿ ಉದ್ದವಿದೆ. ಅದಿರುವುದು ಬಯಲಿನಲ್ಲಿ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಸಾಕು, ಲೆನ್ಸ್ ಬೇಕಿಲ್ಲ. ಲೆನ್ಸ್ ಹಾಕಿ ಹತ್ತಿರ ಹೋದರೆ ಮೂತಿ ದೊಡ್ಡದು, ಬೆನ್ನು ಚಿಕ್ಕದು! ದೇವಾಲಯದ ಕನ್ನಡ ಶಾಸನಗಳನ್ನೂ ಲೆನ್ಸ್ ಇಲ್ಲದೆ, ಎದುರಿನಿಂದಲೇ ತೆಗೆಯಿರಿ. ಇಲ್ಲವಾದರೆ ಅಂಚಿನ ಅಕ್ಷರ ಓದಲಾಗದು. ಚಿತ್ರಗಳ ಮೇಲೆ ಫ್ಲಾಶ್ ಬೇಡ.

ಹೊಲದಲ್ಲಿ

ಕಲ್ಯಾಣದುರ್ಗದ ಕಡೆ ಕಡಲೆಕಾಯಿ, ಅಂದರೆ ನಮ್ಮ ವೇರುಶನಗ ಹೊಲಗಳೇ ಹೆಚ್ಚು. ಮಳೆ, ಆಲಿಕಲ್ಲಿನ ಹಾನಿಗೆ ದಾಖಲೆಯಾಗಿ ಚಿತ್ರ ತೆಗೆಯುವಾಗ ಎಚ್ಚರವಿರಲಿ. ವೈಡ್ ಲೆನ್ಸ್‌ನಲ್ಲಿ ಹತ್ತಿರದ್ದು ದೊಡ್ಡದಾಗಿ, ದೂರದ್ದು ಇನ್ನಷ್ಟು ದೂರವಾಗಿ ಕಾಣುತ್ತದೆ. ನೋಡುವ ಅಧಿಕಾರಿಗೆ ಹೊಲದ ಅಳತೆಯೇ ತಪ್ಪಾಗಿ ತೋರಬಹುದು. ಆದ್ದರಿಂದ ದಾಖಲೆಯ ಚಿತ್ರವನ್ನು ಲೆನ್ಸ್ ಇಲ್ಲದೆಯೇ ತೆಗೆಯಿರಿ.

ಆದರೆ ಇದೇ ಲೆನ್ಸ್‌ನಿಂದ ಇನ್ನೊಂದು ಉಪಕಾರವಿದೆ. 0.45 ಲೆನ್ಸ್‌ಗಳಲ್ಲಿ ಹಲವನ್ನು ತಿರುಗಿಸಿ ಬಿಚ್ಚಿದರೆ ಕೆಳಗೆ ಮ್ಯಾಕ್ರೋ ಗಾಜು ಉಳಿಯುತ್ತದೆ. ಅದರಿಂದ ಒಂದೆರಡು ಸೆಂಟಿಮೀಟರ್ ದೂರದ ಎಲೆಚುಕ್ಕೆಯೂ ಸ್ಪಷ್ಟವಾಗುತ್ತದೆ. ಎಲೆಯ ಎರಡೂ ಬದಿ ತೆಗೆಯಿರಿ. ಬೇಗ ಬರುವ ಎಲೆಚುಕ್ಕೆ ರೋಗದಲ್ಲಿ ಮೇಲ್ಬದಿಯ ಕಂದು ಚುಕ್ಕೆಯ ಸುತ್ತ ಹಳದಿ ಬಳೆ ಇರುತ್ತದೆ. ತಡವಾಗಿ ಬರುವುದರಲ್ಲಿ ಚುಕ್ಕೆ ಎಲೆಯ ತಳಬದಿಯಲ್ಲಿ ಕಪ್ಪಾಗಿರುತ್ತದೆ. ಕೃಷಿ ವಿಜ್ಞಾನ ಕೇಂದ್ರದವರಿಗೆ ಇಂಥ ಚಿತ್ರ ಕಳಿಸಿದರೆ ಸಲಹೆ ಕೊಡುವುದು ಸುಲಭ.

ಕೊಳ್ಳುವ ಮುನ್ನ

ನಿಮ್ಮ ಕ್ಯಾಮೆರಾ ಪರದೆಯಲ್ಲಿ 0.5 ಅಥವಾ 0.6 ಎಂಬ ಗುಂಡಿ ಇದೆಯೇ ನೋಡಿ. ಇದ್ದರೆ ಅಗಲ ನೋಟದ ಕ್ಯಾಮೆರಾ ಮೊಬೈಲ್‌ನಲ್ಲೇ ಇದೆ. ಅಗಲ ನೋಟಕ್ಕಾಗಿ ಬೇರೆ ಲೆನ್ಸ್‌ಗೆ ದುಡ್ಡು ಹಾಕಬೇಡಿ. ಇಲ್ಲದಿದ್ದರೆ, ಅಂಗಡಿಯಲ್ಲೇ ಸಿಕ್ಕಿಸಿ ಒಂದು ಚಿತ್ರ ತೆಗೆದು, ನಾಲ್ಕೂ ಮೂಲೆಗಳನ್ನು ಹಿಗ್ಗಿಸಿ ನೋಡಿದ ಮೇಲೆಯೇ ಕೊಳ್ಳಿ.