ಹೆದ್ದಾರಿ ಹೆತ್ತ ತಿನಿಸುಗಳು

ಪರದೇಶಕ್ಕೆ ಹೊರಟವರಿಗೆ ಈಗ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ಪ್ರವಾಸಿಗರು ಮುತ್ತುವ ಹೋಟೆಲುಗಳ ಕಡೆ ತಲೆಹಾಕಬೇಡಿ, ಊರವರು ಏನು ತಿನ್ನುತ್ತಾರೋ ಅದನ್ನೇ ತಿನ್ನಿ. ಪ್ರತಿ ಊರಿಗೂ ಹೊರಗಿನ ಗಾಳಿ ಸೋಕದ ತನ್ನದೇ ಅಡುಗೆಯೊಂದು ಇರುತ್ತದೆ, ಪ್ರವಾಸಿ ಬಂದು ಅದನ್ನು ಕೆಡಿಸುತ್ತಾನೆ ಎಂಬ ನಂಬಿಕೆ ಈ ಮಾತಿನ ಬೆನ್ನಿಗಿದೆ. ಜಪಾನಿನ ಹಳೆಯ ಹೆದ್ದಾರಿಗಳ ಚರಿತ್ರೆಯ ಎದುರು ಈ ನಂಬಿಕೆ ನಿಲ್ಲುವುದು ಕಷ್ಟ. ಅಲ್ಲಿ ಊರೂರಿನ ಹೆಸರಿಗೆ ಅಂಟಿಕೊಂಡಿರುವ ಎಷ್ಟೋ ತಿನಿಸುಗಳು ಪ್ರವಾಸಿಯಿಂದ ಕೆಡಲಿಲ್ಲ; ಅವನು ಬಂದದ್ದರಿಂದಲೇ ಹುಟ್ಟಿದವು, ಇಲ್ಲವೇ ಇಂದಿನ ರೂಪಕ್ಕೆ ಬಂದವು.

ತೊಕುಗಾವಾ ದೊರೆತನದ ಕಾಲದಲ್ಲಿ ಎದೊ ಪಟ್ಟಣದಿಂದ, ಅಂದರೆ ಇಂದಿನ ಟೋಕಿಯೊದಿಂದ, ಕ್ಯೋತೊಗೆ ಹೋಗುವ ತೋಕಾಯ್ದೋ ದಾರಿ ಸುಮಾರು 490 ಕಿಲೋಮೀಟರ್ ಉದ್ದವಿತ್ತು. ನಡುವೆ 53 ಮಜಲುಗಳು. ನಡೆದುಹೋಗಲು ಎರಡು ವಾರ. 1635ರಿಂದ ಪಾಳೆಯಗಾರರು ಸರದಿಯಂತೆ ಎದೊಗೆ ಬಂದು ಇರಲೇಬೇಕು ಎಂಬ ಕಟ್ಟಳೆಯಾದ ಮೇಲೆ ಅವರ ಪರಿವಾರಕ್ಕೆಂದು ತಂಗುಮನೆಗಳು ಬೆಳೆದವು, ಆಮೇಲೆ ಅದೇ ದಾರಿಯಲ್ಲಿ ಸಾಮಾನ್ಯರೂ ಹೊರಟರು. ರೈತನಿಗೆ ಊರು ಬಿಡಲು ರಹದಾರಿ ಬೇಕಿತ್ತು. ಹಾಕೊನೆಯಂಥ ಠಾಣೆಗಳಲ್ಲಿ ತಪಾಸಣೆ ನಡೆಯುತ್ತಿತ್ತು, ಹೆಂಗಸರಿಗಂತೂ ಅದು ಇನ್ನೂ ಬಿಗಿ. ಇಸೆಯ ದೇವಸ್ಥಾನಕ್ಕೆ ಯಾತ್ರೆ ಎಂದರೆ ಮಾತ್ರ ರಹದಾರಿ ಸಲೀಸಾಗಿ ಸಿಗುತ್ತಿತ್ತು. ಅದರ ಖರ್ಚಿಗೆ ಹಳ್ಳಿಗಳಲ್ಲಿ ಸಂಘಗಳಿದ್ದವು: ಎಲ್ಲರೂ ನಮ್ಮ ಚೀಟಿಯಂತೆ ಹಣ ಕಟ್ಟುತ್ತಿದ್ದರು, ಯಾರ ಹೆಸರು ಎದ್ದಿತೋ ಅವರು ಊರಿನ ಪರವಾಗಿ ಹೋಗಿಬರುತ್ತಿದ್ದರು. ದೇಶದ ಜನಸಂಖ್ಯೆ ಸುಮಾರು ಮೂರು ಕೋಟಿ ಇದ್ದಾಗ, 1830ರ ಯಾತ್ರೆಯ ಅಲೆಯಲ್ಲಿ ಇಸೆಗೆ ಹೋದವರು ನಲವತ್ತು ಲಕ್ಷಕ್ಕೂ ಮಿಕ್ಕಿ ಎಂದು ಲೆಕ್ಕ ಹಾಕುತ್ತಾರೆ. ಇದು ಬರೀ ಭಕ್ತಿ, ಇದರಲ್ಲಿ ವಿಹಾರ ಹುಡುಕಬಾರದು ಎನ್ನುವವರು ಯಾತ್ರಿಕರ ದಿನಚರಿಗಳನ್ನು ಓದಬೇಕು. ದೇವರಿಗೆ ಕೈಮುಗಿದು ನೇರ ಮನೆಗೆ ಮರಳಿದವರು ಅಲ್ಲಿ ಕಡಿಮೆ. ಕ್ಯೋತೊ, ಒಸಾಕಾ ಸುತ್ತಿ, ಎಲ್ಲಿ ಏನು ತಿಂದೆವು, ಎಷ್ಟು ಕೊಟ್ಟೆವು ಎಂದು ಬರೆದಿಟ್ಟವರೇ ಹೆಚ್ಚು.

ಇಷ್ಟು ಜನ ಹೊರಟಾಗ ಅವರಿಗೆ ಬುದ್ಧಿ ಹೇಳುವವರೂ ಹುಟ್ಟಿಕೊಂಡರು. 1810ರಲ್ಲಿ ಯಾಸುಮಿ ರೋಆನ್ ಎಂಬಾತ ‘ರ್ಯೊಕೋ ಯೋಜಿನ್‌ಶೂ’ ಎಂಬ ಕೈಪಿಡಿಯನ್ನು ಅಚ್ಚು ಹಾಕಿಸಿದ. ದಾರಿಯಲ್ಲಿ ಪಾಲಿಸಬೇಕಾದ 61 ಎಚ್ಚರಿಕೆಗಳು ಅದರ ತಿರುಳು. ಮೊದಲ ದಿನಗಳಲ್ಲಿ ನಿಧಾನವಾಗಿ ನಡೆಯಿರಿ. ಹೊರೆ ಹಗುರವಾಗಿರಲಿ. ತಂಗುಮನೆಗೆ ಹೋದೊಡನೆ ದಿಕ್ಕು ಯಾವುದು, ಬಾಗಿಲು ಎಲ್ಲಿ, ಪಾಯಿಖಾನೆ ಎಲ್ಲಿ ಎಂದು ನೋಡಿಕೊಳ್ಳಿ. ಇಂದಿನ ಹೋಟೆಲಿನ ಕೋಣೆಗೂ ಇದು ಸಲ್ಲುತ್ತದೆ. ಊಟದ ವಿಷಯದಲ್ಲಿ ಮಾತ್ರ ಆತ ನಮ್ಮ ಕಾಲದ ಸಲಹೆಗಾರರಿಗೆ ನೇರ ಎದುರು ನಿಲ್ಲುತ್ತಾನೆ. ಹಸಿವಾದರೂ ಹೊಟ್ಟೆ ಬಿರಿಯ ತಿನ್ನಬೇಡಿ. ಬರಿ ಹೊಟ್ಟೆಯಲ್ಲಿ ಮದ್ಯ ಬೇಡ, ಊಟವಾದ ಮೇಲೆ ಕುಡಿಯಿರಿ, ಬೇಸಿಗೆಯಲ್ಲೂ ಬಿಸಿ ಮಾಡಿ ಕುಡಿಯಿರಿ. ಬೇಸಿಗೆಯ ದಾರಿಯಲ್ಲಿ ಮೀನು, ಚಿಪ್ಪುಮೀನು, ಅಣಬೆ, ಕಳಲೆಗಳನ್ನು ಹೆಚ್ಚು ತಿನ್ನಬೇಡಿ. ಹೊಸ ರುಚಿ ಹುಡುಕಿ ಎಂಬ ಮಾತು ಈ ಎಚ್ಚರಿಕೆಗಳ ಧಾಟಿಯೇ ಅಲ್ಲ. ದಿನಕ್ಕೆ ಮೂವತ್ತು ಮೂವತ್ತೈದು ಕಿಲೋಮೀಟರ್ ನಡೆಯುವವನಿಗೆ ಹೊಟ್ಟೆ ಕೆಟ್ಟರೆ ಪ್ರಯಾಣವೇ ನಿಂತಿತು. ಇದೇ ಸುಮಾರಿಗೆ, 1804ರಲ್ಲಿ, ಒಸಾಕಾದಲ್ಲಿ ನಾನಿವಾ ಸಂಘ ಶುರುವಾಯಿತು. ನಂಬಬಹುದಾದ ತಂಗುಮನೆಗಳ ಪಟ್ಟಿ ಅದರ ಬಂಡವಾಳ. ಪಟ್ಟಿಗೆ ಸೇರಿದ ಮನೆ ಸಂಘದ ಫಲಕ ತೂಗುಹಾಕುತ್ತಿತ್ತು, ಸದಸ್ಯ ತನ್ನ ಬಿಲ್ಲೆ ತೋರಿಸಿದರೆ ಒಂಟಿ ಪ್ರಯಾಣಿಕನೆಂದು ಹೊರಗೆ ನಿಲ್ಲಿಸುವಂತಿರಲಿಲ್ಲ. ಜೂಜು, ಗದ್ದಲ ಮಾಡಬಾರದೆಂಬ ಷರತ್ತು ಸದಸ್ಯನಿಗೂ ಇತ್ತು. ಈಗ ಅಂಕ ಹಾಕುವುದು ಅತಿಥಿ, ಹಾಕಿಸಿಕೊಳ್ಳುವುದು ಹೋಟೆಲು. ಆಗ ಎರಡು ಕಡೆಯವರೂ ಪರೀಕ್ಷೆಗೆ ಒಳಗಾಗಿದ್ದರು. ಆ ಏರ್ಪಾಡೇ ವಾಸಿ ಎನಿಸುತ್ತದೆ.

ದಾರಿಬದಿಯ ಹೆಸರುವಾಸಿ ತಿನಿಸುಗಳನ್ನು ಈ ಎಚ್ಚರಿಕೆಗಳ ಪಕ್ಕದಲ್ಲಿಟ್ಟು ನೋಡಬೇಕು. ಹೊಟ್ಟೆಗೆ ಹೆದರುವ, ಹೊತ್ತಿಲ್ಲದ, ಕಾಸು ಎಣಿಸುವ ಗಿರಾಕಿಗೆ ಏನು ಮಾರಬಹುದೋ ಅದನ್ನೇ ಅಂಗಡಿಗಳು ಮಾರಿದವು. ಉತ್ಸುನೊಯಾ ಕಣಿವೆಯ ಏರು ಶುರುವಾಗುವ ಮುಂಚೆ ಸಿಗುವ ಪುಟ್ಟ ಮಜಲು ಮಾರಿಕೊ. ಅಲ್ಲಿಯ ತಿನಿಸು ತೊರೊರೊಜಿರು: ಗುಡ್ಡದ ಕಾಡುಗೆಣಸನ್ನು ತುರಿದು, ಅರೆದು, ಮಿಸೊ ಸಾರಿನಲ್ಲಿ ಕದಡಿ ಬಾರ್ಲಿ ಬೆರೆಸಿದ ಅನ್ನದ ಮೇಲೆ ಸುರಿದರೆ ಆಯಿತು. ಅಗಿಯುವ ಕೆಲಸವಿಲ್ಲ, ಗಂಟಲಲ್ಲಿ ತಾನೇ ಜಾರುತ್ತದೆ. ಜೀರ್ಣಕ್ಕೆ ಹಗುರ, ಮೈಗೆ ಕಸುವು ಎಂಬ ಹೆಸರೂ ಇತ್ತು. ಗೆಣಸೂ ಬಾರ್ಲಿಯೂ ಬಡವರ ಮನೆಯವೇ, ನಿಜ. ಅವನ್ನು ಫಲಕ ಹಾಕಿ ಮಾರುವ ವಸ್ತುವಾಗಿ ಮಾಡಿದ್ದು ಮುಂದಿದ್ದ ಏರುದಾರಿ. 1691ರಲ್ಲಿ ಕವಿ ಬಾಶೊ ಈ ತಿನಿಸಿನ ಮೇಲೊಂದು ಹಾಯ್ಕು ಬರೆದ. 1802ರಲ್ಲಿ ಶುರುವಾದ ಜಿಪ್ಪೆನ್‌ಶಾ ಇಕ್ಕುವಿನ ಹಾಸ್ಯ ಕಾದಂಬರಿ ‘ತೋಕಾಯ್ದೋಚೂ ಹಿಜಾಕುರಿಗೆ’ಯಲ್ಲಿ ಇಬ್ಬರು ಪೋಕರಿ ಪ್ರಯಾಣಿಕರು ಇದನ್ನೇ ತಿನ್ನಲು ಮಾರಿಕೊದ ಅಂಗಡಿಗೆ ಹೋಗುತ್ತಾರೆ, ಗಂಡಹೆಂಡಿರ ಜಗಳದಲ್ಲಿ ಸಾರು ಚೆಲ್ಲಿ, ಎಲ್ಲರೂ ಅದರಲ್ಲಿ ಜಾರಿಬಿದ್ದು, ಪಾಪ, ಇವರು ಹಸಿದೇ ಹೊರಡುತ್ತಾರೆ. ಓದುಗನಿಗೆ ಆ ತಿನಿಸು ಮೊದಲೇ ಗೊತ್ತಿದ್ದರೆ ಮಾತ್ರ ಈ ನಗೆ ದಕ್ಕುವುದು. ಅಬೆ ಹೊಳೆಯ ದಡದ ಮೋಚಿಯ ಕಥೆ ಇನ್ನೂ ಸ್ವಾರಸ್ಯ. ಅಂಟಕ್ಕಿಯನ್ನು ಬೇಯಿಸಿ ಕುಟ್ಟಿ, ಹುರಿದ ಸೋಯಾ ಹಿಟ್ಟು, ಸಕ್ಕರೆ ಉದುರಿಸಿ ಹೊಳೆ ದಾಟುವವರಿಗೆ ಕೊಡುತ್ತಿದ್ದರು. ಅದನ್ನು ಹೆಸರುವಾಸಿ ಮಾಡಿದ ಸಕ್ಕರೆ ಆ ಕಾಲದ ಜಪಾನಿನಲ್ಲಿ ಅಪರೂಪದ ವಸ್ತು. ಬಹುಪಾಲು ನಾಗಾಸಾಕಿಯ ಹಡಗುಗಳಿಂದಲೂ ರ್ಯೂಕ್ಯೂ ದ್ವೀಪಗಳಿಂದಲೂ ಬರುತ್ತಿತ್ತು. ಎಲ್ಲಿಂದಲೋ ಬಂದ ಸಿಹಿ, ಎಲ್ಲಿಗೋ ಹೋಗುವವನ ಬಾಯಿಗೆ. ಊರಿನ ಪಾಲಿಗೆ ಬಂದದ್ದು ಹೊಳೆ ಮತ್ತು ಹೆಸರು.

ಹಾಗಾದರೆ ನೆಲದ ಪಾತ್ರ ಏನೂ ಇಲ್ಲವೇ ಎಂದು ಕೇಳಬಹುದು. ಕಿಸೊ ಕಣಿವೆಯ ಸೊಬಾ ನನ್ನ ವಾದಕ್ಕೆ ಒಳ್ಳೆಯ ತಡೆ. ಅಲ್ಲಿ ಚಳಿ, ಕಲ್ಲುನೆಲ. ಭತ್ತ ಸರಿಯಾಗಿ ಬಾರದು, ಬಕ್‌ವೀಟ್ ಬರುತ್ತದೆ. ದಾರಿಹೋಕರು ಬರದಿದ್ದರೂ ಜನ ಅದನ್ನೇ ತಿನ್ನುತ್ತಿದ್ದರು. ಅದರ ಹಿಟ್ಟನ್ನು ಎಳೆಯಾಗಿ ಕತ್ತರಿಸಿ ಬಡಿಸಿದ ಅತಿ ಹಳೆಯ ದಾಖಲೆಗಳಲ್ಲೊಂದು ಇದೇ ಕಣಿವೆಯ ಜೋಶೋಜಿ ದೇವಾಲಯದ 1574ರ ಬರಹ. ಇದನ್ನು ಒಪ್ಪಲೇಬೇಕು. ಆದರೆ ಆ ಬರಹದಲ್ಲಿ ಸೊಬಾ ಬರುವುದು ದೇವಾಲಯದ ದುರಸ್ತಿಯ ಸಂದರ್ಭಕ್ಕೆ ಬಂದ ಕೊಡುಗೆಯಾಗಿ. ಮನೆಗಳಲ್ಲಿ ದಿನವೂ ಇದ್ದದ್ದು ಹಿಟ್ಟನ್ನು ಬಿಸಿನೀರಲ್ಲಿ ಕಲಸಿದ ಮುದ್ದೆ. ಎಳೆ ಎಳೆಯ ಸೊಬಾ ಹಬ್ಬಕ್ಕೆ, ನೆಂಟರಿಗೆ. ಧಾನ್ಯ ನೆಲದ್ದು, ಹೆಸರು ಮಾಡಿದ ರೂಪ ಅತಿಥಿಗಾಗಿ ಆದದ್ದು. ಊರವರು ತಿನ್ನುವುದನ್ನೇ ತಿನ್ನುತ್ತೇನೆಂದು ಅಂದಿನ ಪ್ರಯಾಣಿಕ ಹಟ ಹಿಡಿದಿದ್ದರೆ ಬಹಳ ಕಡೆ ಅವನಿಗೆ ಸಿಗುತ್ತಿದ್ದದ್ದು ಬಾರ್ಲಿ, ಸಿರಿಧಾನ್ಯಗಳ ಗಂಜಿ ಮತ್ತು ಉಪ್ಪಿನಲ್ಲಿಟ್ಟ ಮೂಲಂಗಿ.

ತಿನಿಸಿಗೆ ರೂಪ ಕೊಡುವುದು ಪ್ರಯಾಣಿಕನೇ ಎಂಬ ಮಾತು ರೈಲು ಬಂದಾಗ ಮತ್ತೊಮ್ಮೆ ಸಾಬೀತಾಯಿತು. 1889ರಲ್ಲಿ ತೋಕಾಯ್ದೋ ರೈಲುಮಾರ್ಗ ಕೋಬೆಯವರೆಗೂ ತೆರೆಯಿತು. ಮಾರಿಕೊಗೆ ನಿಲ್ದಾಣ ಸಿಗಲಿಲ್ಲ. ಅಲ್ಲಿ ಇಂದೂ ಇರುವ ಚೋಜಿಯಾ ಅಂಗಡಿ ತಾನು 1596ರಿಂದ ನಡೆದುಬಂದಿದ್ದೇನೆ ಎನ್ನುತ್ತದೆ, ಆದರೆ ಅದರ ಹುಲ್ಲುಮಾಡಿನ ಕಟ್ಟಡ ಬೇರೆಡೆಯ ಹಳೆ ಮನೆಯನ್ನು 1970ರ ಸುಮಾರಿಗೆ ತಂದು ನಿಲ್ಲಿಸಿದ್ದು, ಹಿರೋಶಿಗೆ ಎಂಬ ಕಲಾವಿದ 1830ರ ದಶಕದಲ್ಲಿ ಬಿಡಿಸಿದ ಮಾರಿಕೊದ ಚಿತ್ರಕ್ಕೆ ಹೊಂದಲಿ ಎಂದು. ಅತ್ತ ನಿಲ್ದಾಣಗಳಲ್ಲಿ ಬುತ್ತಿಯ ವ್ಯಾಪಾರ ಹೊಸದಾಗಿ ಹುಟ್ಟಿತು. 1885ರಲ್ಲಿ ಉತ್ಸುನೊಮಿಯಾದಲ್ಲಿ ಮಾರಿದ ಎರಡು ಅನ್ನದುಂಡೆಗಳೇ ಅದರ ಮೊದಲು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಬರಬರುತ್ತ ಪ್ರತಿ ನಿಲ್ದಾಣವೂ ತನ್ನದೇ ಬುತ್ತಿಗೆ ಹೆಸರಾಯಿತು. ಹಾಗಾಗಿ ಪ್ರವಾಸದ ಪಟ್ಟಿ ಮಾಡುವವರು ಊರವರು ಏನು ತಿನ್ನುತ್ತಾರೆ ಎಂದು ಕೇಳುವುದಕ್ಕಿಂತ, ಇಲ್ಲಿ ಹಿಂದೆ ಯಾರು ಬಂದು ಇಳಿಯುತ್ತಿದ್ದರು, ಎಷ್ಟು ಹೊತ್ತು ನಿಲ್ಲುತ್ತಿದ್ದರು ಎಂದು ಕೇಳಿದರೆ ಉತ್ತರ ಹೆಚ್ಚು ಸಿಗುತ್ತದೆ. ದೋಣಿಕಡವು, ಘಾಟಿಯ ಬುಡ, ರೈಲು ಬದಲಿಸುವ ನಿಲ್ದಾಣಗಳಲ್ಲಿ ಮೊದಲು ಹುಡುಕಬಹುದು. ಹೊಕ್ಕಾಯ್ದೋದ ಮೋರಿ ನಿಲ್ದಾಣದ ಇಕಾಮೆಶಿಯನ್ನೇ ನೋಡಿ. 1941ರಲ್ಲಿ, ಯುದ್ಧಕಾಲದ ಅಕ್ಕಿಯ ಅಭಾವದಲ್ಲಿ, ಕಡಲಲ್ಲಿ ಹೇರಳವಾಗಿ ಸಿಗುತ್ತಿದ್ದ ಬೊಂಡಾಸಿನ ಹೊಟ್ಟೆಗೆ ಸ್ವಲ್ಪವೇ ಅಕ್ಕಿ ತುಂಬಿ ಬೇಯಿಸಿ ಪ್ರಯಾಣಿಕರಿಗೆ ಮಾರಿದರು. ಈಗ ಅದು ಆ ಊರಿನ ಗುರುತು, ಟೋಕಿಯೊದ ಕೇಯೊ ಮಳಿಗೆಯಲ್ಲಿ 1966ರಿಂದ ನಡೆದುಬಂದಿರುವ ನಿಲ್ದಾಣಬುತ್ತಿಗಳ ಮೇಳದಲ್ಲಿ ವರ್ಷವರ್ಷವೂ ಬಹಳ ಬಿಕರಿಯಾಗುವ ತಿನಿಸು. ಅಲ್ಲಿ ಸಾಲು ನಿಂತು ಕೊಳ್ಳುವವರಲ್ಲಿ ಹೆಚ್ಚಿನವರು ಮೋರಿಯಲ್ಲಿ ರೈಲು ಇಳಿದವರಲ್ಲ.