ಮಳೆ ಬಿದ್ದರೆ ಹಳದಿಯಾಗುವ ಗೂಳಿಕಪ್ಪೆ: ಬಣ್ಣ ಕೆಲವೇ ದಿನ, ಆಗಲೇ ಜೀವಕ್ಕೆ ಕುತ್ತು

ಮುಂಗಾರಿನ ಮೊದಲ ಜೋರು ಮಳೆಯ ಬೆನ್ನಲ್ಲೇ ಹೊಂಡಗಳಲ್ಲಿ ಅರಿಶಿನ ಬಳಿದಂಥ ಕಪ್ಪೆಗಳು ಕಾಣಿಸಿಕೊಳ್ಳುತ್ತವೆ. 2020ರ ಜುಲೈನಲ್ಲಿ ಮಧ್ಯಪ್ರದೇಶದ ನರಸಿಂಗ್‌ಪುರದ ಇಂಥದ್ದೊಂದು ವಿಡಿಯೋ ಸಾಮಾಜಿಕ ಜಾಲತಾಣಗಳಲ್ಲಿ ವೈರಲ್ ಆಗಿತ್ತು. ಇದು ವಿದೇಶಿ ತಳಿಯೇನಲ್ಲ. ದೇಶದ ಕೆರೆ, ಹೊಂಡ, ಭತ್ತದ ಗದ್ದೆಗಳಲ್ಲಿ ವಾಸಿಸುವ ಗೂಳಿಕಪ್ಪೆ. ವೈಜ್ಞಾನಿಕ ಹೆಸರು ಹೋಪ್ಲೋಬಟ್ರಾಕಸ್ ಟೈಗರಿನಸ್.

ಬಣ್ಣ ಬದಲಾಗುವುದು ಯಾವಾಗ?

ವರ್ಷದ ಬಹುಪಾಲು ಇದರ ಮೈ ಹಸಿರು ಮಿಶ್ರಿತ ಕಂದು. ಉದ್ದ 15 ಸೆಂಟಿಮೀಟರ್ ದಾಟುವುದೂ ಉಂಟು. ಸಂತಾನೋತ್ಪತ್ತಿ ಕಾಲದಲ್ಲಿ ಗಂಡು ಮಾತ್ರ ಕಡು ಹಳದಿಗೆ ತಿರುಗುತ್ತದೆ, ಗಂಟಲಿನ ಎರಡೂ ಬದಿಯ ಧ್ವನಿಚೀಲಗಳು ನೀಲಿಯಾಗುತ್ತವೆ. ಮಳೆನೀರು ನಿಂತಲ್ಲೆಲ್ಲ ಗಂಡುಗಳು ಗುಂಪುಗೂಡಿ ಜೋರಾಗಿ ವಟಗುಟ್ಟಿ ಹೆಣ್ಣನ್ನು ಕರೆಯುತ್ತವೆ. ಹೆಣ್ಣು ನೀರಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಬಳಿಕ ಹಳದಿ ಮಾಸುತ್ತದೆ.

ಹೊಟ್ಟೆಬಾಕ ಬೇಟೆಗಾರ

ಕೀಟ, ಎರೆಹುಳು, ಏಡಿ, ಇಲಿ, ಸಣ್ಣ ಹಾವು, ಸಣ್ಣ ಕಪ್ಪೆ ಹೀಗೆ ಬಾಯಿಗೆ ಹಿಡಿಸುವುದೆಲ್ಲ ಇದರ ಆಹಾರ. ಗೊದಮೊಟ್ಟೆಗಳೂ ಬೇರೆ ಗೊದಮೊಟ್ಟೆಗಳನ್ನು ತಿನ್ನುತ್ತವೆ. ಮನುಷ್ಯರ ಮೂಲಕ ಅಂಡಮಾನ್ ದ್ವೀಪ ಸೇರಿದ ಈ ಕಪ್ಪೆ, ಅಲ್ಲಿನ ಸ್ಥಳೀಯ ಕಪ್ಪೆಗಳಿಗೆ ಕಂಟಕವಾಗಿರುವುದಕ್ಕೆ ಇದೇ ಕಾರಣ. ಆದರೆ ತವರಿನ ಗದ್ದೆಗಳಲ್ಲಿ ಇದು ಬೆಳೆ ಕೀಟಗಳನ್ನು ತಿಂದು ರೈತರಿಗೆ ನೆರವಾಗುತ್ತದೆ.

ಕಾಲಿಗಾಗಿ ಬೇಟೆ

ಒಂದು ಕಾಲದಲ್ಲಿ ಯುರೋಪ್, ಅಮೆರಿಕದ ಊಟದ ಮೇಜಿಗೆ ಭಾರತದಿಂದ ಕಪ್ಪೆ ಕಾಲುಗಳು ಟನ್‌ಗಟ್ಟಲೆ ರಫ್ತಾಗುತ್ತಿದ್ದವು. ಕಪ್ಪೆಗಳು ಕಡಿಮೆಯಾದರೆ ಗದ್ದೆಗಳಲ್ಲಿ ಕೀಟಗಳ ಹಾವಳಿ ಹೆಚ್ಚುತ್ತದೆ ಎಂಬ ಆತಂಕ ಎದುರಾಯಿತು. 1985ರಲ್ಲಿ ಈ ಪ್ರಭೇದದ ಅಂತಾರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ತರಲಾಯಿತು. 1987ರಲ್ಲಿ ಭಾರತ ಕಪ್ಪೆ ಕಾಲಿನ ರಫ್ತನ್ನೇ ನಿಷೇಧಿಸಿತು.

ರಫ್ತು ನಿಂತರೂ ಬೇಟೆ ನಿಂತಿಲ್ಲ. ಗೋವಾದಲ್ಲಿ ಇದರ ಮಾಂಸಕ್ಕೆ 'ಜಂಪಿಂಗ್ ಚಿಕನ್' ಎಂಬ ಅಡ್ಡಹೆಸರಿದೆ. ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಹೊರಡುವವರಿಗೆ ಕಪ್ಪೆಯ ಕೂಗೇ ದಾರಿ ತೋರಿಸುತ್ತದೆ. ಹೆಣ್ಣನ್ನು ಕರೆಯುವ ಅದೇ ಕೂಗು ಬೇಟೆಗಾರನನ್ನೂ ಕರೆದಂತಾಗುತ್ತದೆ. ಮೊಟ್ಟೆ ಇಡುವ ಮೊದಲೇ ಕಪ್ಪೆಗಳು ಚೀಲ ಸೇರಿದರೆ ಆ ಹೊಂಡದಲ್ಲಿ ಮುಂದಿನ ಪೀಳಿಗೆಯೂ ಇರುವುದಿಲ್ಲ.

ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಗೂಳಿಕಪ್ಪೆ ಸದ್ಯ 'ಕಡಿಮೆ ಆತಂಕ'ದ ವರ್ಗದಲ್ಲಿದೆ. ಈ ಲೆಕ್ಕ ಇಡೀ ಪ್ರಭೇದದ್ದು. ಒಂದು ಊರಿನ ಹೊಂಡದಲ್ಲಿ ಮುಂದಿನ ಮಳೆಗೂ ವಟವಟ ಕೇಳಬೇಕಾದರೆ, ಹಳದಿ ಬಣ್ಣದ ಆ ಕೆಲವು ದಿನ ಕಪ್ಪೆಗಳನ್ನು ಅವುಗಳ ಪಾಡಿಗೆ ಬಿಡಬೇಕು.